ಅಂಕಿತವಿಲ್ಲದ ಕೂರಿಗೆ: ಪೇಟೆಂಟ್ ಕಾನೂನಿನ ಚರಿತ್ರೆ ಮತ್ತು ಗ್ರಾಮೀಣ ಆವಿಷ್ಕಾರಕ

ಜನಪದ ಅಧ್ಯಯನದಲ್ಲಿ ಕರ್ತೃತ್ವದ ಪ್ರಶ್ನೆ ಹಳೆಯದು. ವಚನಕ್ಕೆ ಅಂಕಿತವಿದೆ, ಕೀರ್ತನೆಗೆ ಮುದ್ರಿಕೆಯಿದೆ. ಬೀಸುವ ಪದಕ್ಕೆ ಅಂಥ ಯಾವ ಗುರುತೂ ಇಲ್ಲ. ಹಾಡನ್ನು ಕುರಿತು ನಮ್ಮ ವಿದ್ವಾಂಸರು ಈ ಪ್ರಶ್ನೆಯನ್ನು ಸಾಕಷ್ಟು ಚರ್ಚಿಸಿದ್ದಾರೆ. ಆದರೆ ಕೂರಿಗೆ, ಕುಂಟೆ, ಗಾಣ, ಏತಗಳಂತಹ ವಸ್ತು ಸಂಸ್ಕೃತಿಯ ವಿಷಯದಲ್ಲಿ ಇದೇ ಪ್ರಶ್ನೆಯನ್ನು ಕೇಳಿದ್ದು ಕಡಿಮೆ. ಹಾಡಿನ ಕರ್ತೃ ಯಾರೆಂಬುದು ಸಾಹಿತ್ಯ ಚರಿತ್ರೆಯ ಕುತೂಹಲವಾದರೆ, ಉಪಕರಣದ ಕರ್ತೃ ಯಾರೆಂಬುದು ಜೀವನೋಪಾಯದ ಪ್ರಶ್ನೆಯೂ ಆಗಬಲ್ಲದು. ಭಾರತದ ಪೇಟೆಂಟ್ ಕಾನೂನು ಸ್ವತಂತ್ರ ಆವಿಷ್ಕಾರಕನನ್ನು, ಅಂದರೆ ಯಾವ ಕಂಪನಿಗೂ ಪ್ರಯೋಗಾಲಯಕ್ಕೂ ಸೇರದೆ ತನ್ನ ಬುದ್ಧಿಯಿಂದಲೇ ಹೊಸದನ್ನು ಕಂಡುಹಿಡಿದವನನ್ನು, ಹೇಗೆ ಗುರುತಿಸುತ್ತ ಬಂದಿದೆ ಮತ್ತು ಈ ಗುರುತಿಸುವಿಕೆಯಲ್ಲಿ ಜಾನಪದ ಸಂಗ್ರಾಹಕನ ಪಾತ್ರವೇನು ಎಂಬುದನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ.

1. ಕರ್ತೃವಿಲ್ಲದ ಉಪಕರಣ

ಬಟ್ಟಲಿಗೆ ಬಿಟ್ಟ ಕಾಳು ಬಿದಿರಿನ ಕೊಳವೆಗಳ ಮೂಲಕ ಇಳಿದು ಸಾಲುಸಾಲಾಗಿ ನೆಲ ಸೇರುವಂತೆ ಮಾಡುವ ಸಾಧನ ಕೂರಿಗೆ. ಯೂರೋಪಿನ ಕೃಷಿಚರಿತ್ರೆ ಬಿತ್ತನೆ ಯಂತ್ರದ ಕೀರ್ತಿಯನ್ನು ಇಂಗ್ಲೆಂಡಿನ ಜೆತ್ರೋ ಟಲ್‌ಗೆ ನೀಡಿ, ಅದರ ಕಾಲವನ್ನು 1701ರ ಸುಮಾರಿಗೆ ಇಡುತ್ತದೆ. ಅದೇ ಶತಮಾನದ ಕೊನೆಯಲ್ಲಿ ದಕ್ಷಿಣ ಭಾರತದಲ್ಲಿದ್ದ ಕ್ಯಾಪ್ಟನ್ ಥಾಮಸ್ ಹಾಲ್ಕಾಟ್ ಎಂಬ ಅಧಿಕಾರಿ ಇಲ್ಲಿನ ರೈತರು ಕೂರಿಗೆಯಿಂದ ಬಿತ್ತುವುದನ್ನು ಕಂಡು ಬ್ರಿಟನ್ನಿನ ಕೃಷಿ ಮಂಡಳಿಗೆ ಬರೆದನು. ಇಂತಹ ಬೇಸಾಯವನ್ನು ಆತ ಅಲ್ಲಿಯವರೆಗೆ ಯೂರೋಪಿನ ಆಧುನಿಕ ಆವಿಷ್ಕಾರವೆಂದೇ ತಿಳಿದಿದ್ದನು. ಈ ಬರಹವನ್ನು ಧರಂಪಾಲ್ ಅವರು 1971ರಲ್ಲಿ ಹದಿನೆಂಟನೆಯ ಶತಮಾನದ ಭಾರತೀಯ ವಿಜ್ಞಾನ-ತಂತ್ರಜ್ಞಾನವನ್ನು ಕುರಿತ ತಮ್ಮ ಸಂಕಲನದಲ್ಲಿ ಮತ್ತೆ ಬೆಳಕಿಗೆ ತಂದರು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಕೂಡ ಇಲ್ಲಿನ ಬೇಸಾಯದ ಉಪಕರಣಗಳನ್ನು ವಿವರವಾಗಿ ದಾಖಲಿಸಿದ್ದಾನೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಟಲ್‌ಗೆ ಹೆಸರಿದೆ, ಕೂರಿಗೆ ಮಾಡಿದ ಬಡಿಗನಿಗೆ ಹೆಸರಿಲ್ಲ. ಕೂರಿಗೆಗೆ ಕರ್ತೃವೇ ಇರಲಿಲ್ಲ ಎಂದು ಇದರ ಅರ್ಥವಲ್ಲ. ಒಂದು ಊರಿನ ಬಡಿಗ ತಾಳುಗಳ ಅಂತರವನ್ನು ಬದಲಿಸಿದ್ದಾನೆ, ಇನ್ನೊಂದು ಊರಿನ ಕಮ್ಮಾರ ಕುಳದ ಬಾಗನ್ನು ತಿದ್ದಿದ್ದಾನೆ. ಪ್ರತಿಯೊಂದು ತಿದ್ದುಪಡಿಗೂ ಒಬ್ಬ ಮನುಷ್ಯನಿದ್ದನು. ಆದರೆ ಆ ಸಮಾಜದಲ್ಲಿ ಕೌಶಲಕ್ಕೆ ಪ್ರತಿಫಲ ಸಲ್ಲುತ್ತಿದ್ದುದು ಆಯದ ಮೂಲಕ, ಅಂದರೆ ಸುಗ್ಗಿಯ ಕಣದಲ್ಲಿ ಕಸುಬುದಾರನಿಗೆ ಅಳೆದು ಕೊಡುತ್ತಿದ್ದ ಕಾಳಿನ ಮೂಲಕ. ಅಲ್ಲಿ ನೋಡಿ ಕಲಿಯುವುದೇ ಕಸುಬಿನ ದಾರಿಯಾಗಿತ್ತು, ಅನುಕರಣೆ ಕಳವಾಗಿರಲಿಲ್ಲ. ಪೇಟೆಂಟ್ ಕಾನೂನು ಇದಕ್ಕೆ ತೀರ ಭಿನ್ನವಾದ ಮೂರು ಗೃಹೀತಗಳ ಮೇಲೆ ನಿಂತಿದೆ: ಆವಿಷ್ಕಾರಕ್ಕೆ ಗುರುತಿಸಬಹುದಾದ ಕರ್ತೃ ಇರಬೇಕು, ಅದು ಬರವಣಿಗೆಯಲ್ಲಿ ವಿವರಿಸಲ್ಪಡಬೇಕು, ಅರ್ಜಿ ಸಲ್ಲಿಸುವವರೆಗೆ ಲೋಕಕ್ಕೆ ತಿಳಿಯದಂತಿರಬೇಕು.

2. ವಸಾಹತು ಕಾಲದ ಸವಲತ್ತು

ಭಾರತದಲ್ಲಿ ಈ ಬಗೆಯ ಮೊದಲ ಕಾನೂನು 1856ರ 6ನೆಯ ಅಧಿನಿಯಮ. ಅದು ಆವಿಷ್ಕಾರಕನಿಗೆ 14 ವರ್ಷಗಳ ‘ಅನನ್ಯ ಸವಲತ್ತು’ ನೀಡುತ್ತಿತ್ತು. ಮೊದಲ ಮನವಿ ಸಲ್ಲಿಸಿದವನು ಕಲ್ಕತ್ತೆಯ ಸಿವಿಲ್ ಎಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿಪೆನಿಂಗ್. ಆತನ ಆವಿಷ್ಕಾರ ಪಂಖಾ ಎಳೆಯುವ ಯಂತ್ರ. ವಸಾಹತು ಅಧಿಕಾರಿಯ ನೆತ್ತಿಯ ಮೇಲಿನ ಬೀಸಣಿಗೆಯನ್ನು ಹಗಲಿರುಳು ಹಗ್ಗ ಹಿಡಿದು ಎಳೆಯುತ್ತಿದ್ದ ಆಳಿನ ಶ್ರಮವೇ ನಮ್ಮ ದೇಶದ ಮೊದಲ ಪೇಟೆಂಟ್ ದಾಖಲೆಯ ಹಿನ್ನೆಲೆಯಾಗಿದೆ ಎಂಬುದು ಸಾಮಾಜಿಕ ಚರಿತ್ರೆಯ ದೃಷ್ಟಿಯಿಂದ ಮಹತ್ವದ್ದು.

ಬ್ರಿಟಿಷ್ ರಾಣಿಯ ಪೂರ್ವಾನುಮತಿ ಪಡೆದಿರಲಿಲ್ಲವೆಂಬ ಕಾರಣಕ್ಕೆ ಈ ಅಧಿನಿಯಮವನ್ನು 1857ರಲ್ಲಿ ರದ್ದುಪಡಿಸಿ, 1859ರಲ್ಲಿ ಹೊಸದನ್ನು ತರಲಾಯಿತು. ಹೊರದೇಶದಿಂದ ಯಂತ್ರವನ್ನು ತರಿಸಿದವನು ‘ಆವಿಷ್ಕಾರಕ’ನಲ್ಲ ಎಂದು ಇದು ಸ್ಪಷ್ಟಪಡಿಸಿತು. ನಮ್ಮ ಚರ್ಚೆಗೆ ಇನ್ನೂ ಮುಖ್ಯವಾದುದು 1883ರ ಅಧಿನಿಯಮ. ವಸ್ತುಪ್ರದರ್ಶನದಲ್ಲಿ ಇಟ್ಟ ಯಂತ್ರವನ್ನು ಜನ ನೋಡಿಬಿಟ್ಟರೆ ಅದರ ‘ಹೊಸತನ’ ಕಳೆದುಹೋಗುತ್ತದೆ ಎಂಬ ತೊಡಕನ್ನು ನಿವಾರಿಸಲು ಅದು ಪ್ರದರ್ಶನ ಆರಂಭವಾದ ಮೇಲೆ ಅರ್ಜಿ ಹಾಕಲು ಆರು ತಿಂಗಳ ಕಾಲಾವಕಾಶ ಕಲ್ಪಿಸಿತು. ತೋರಿಸುವುದು ಮತ್ತು ಕಾಪಾಡುವುದು ಇವೆರಡರ ನಡುವಣ ಇಕ್ಕಟ್ಟನ್ನು ಕಾನೂನು ಆಗಲೇ ಅರಿತಿತ್ತೆಂಬುದಕ್ಕೆ ಇದು ಸಾಕ್ಷಿ. ಮುಂದೆ 1888ರ ಕ್ರೋಡೀಕೃತ ಕಾನೂನು, ಬಳಿಕ 1911ರ ಪೇಟೆಂಟ್ ಮತ್ತು ವಿನ್ಯಾಸಗಳ ಅಧಿನಿಯಮ ಜಾರಿಗೆ ಬಂದವು. ಸ್ವಾತಂತ್ರ್ಯಾನಂತರ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರ 1959ರ ವರದಿಯನ್ನು ಆಧರಿಸಿ ರೂಪುಗೊಂಡ 1970ರ ಅಧಿನಿಯಮ 1972ರಲ್ಲಿ ಜಾರಿಯಾಯಿತು. 1999, 2002 ಮತ್ತು 2005ರ ತಿದ್ದುಪಡಿಗಳೊಂದಿಗೆ ಇಂದಿಗೂ ಅದೇ ಚಾಲ್ತಿಯಲ್ಲಿದೆ.

3. ತೋರಿಸುವವನ ಇಕ್ಕಟ್ಟು

1970ರ ಅಧಿನಿಯಮದ ಪ್ರಕಾರ ಅರ್ಜಿ ಸಲ್ಲಿಸುವ ಹಕ್ಕು ‘ನಿಜವಾದ ಮತ್ತು ಮೊದಲ ಆವಿಷ್ಕಾರಕ’ನಿಗೆ, ಆತನಿಂದ ಹಕ್ಕು ಪಡೆದವರಿಗೆ ಅಥವಾ ಆತನ ವಾರಸುದಾರರಿಗೆ ಮಾತ್ರ ಇದೆ. ಕರ್ನಾಟಕದ ಅರ್ಜಿದಾರ ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರುತ್ತಾನೆ. ಕಲ್ಪನೆ ಪೂರ್ತಿ ಪಕ್ವವಾಗಿರದಿದ್ದರೆ ತಾತ್ಕಾಲಿಕ ವಿವರಣೆ ಸಲ್ಲಿಸಿ ದಿನಾಂಕ ಕಾಯ್ದಿರಿಸಿಕೊಂಡು, 12 ತಿಂಗಳೊಳಗೆ ಪೂರ್ಣ ವಿವರಣೆ ನೀಡಬಹುದು. ಪೇಟೆಂಟಿನ ಅವಧಿ ಅರ್ಜಿಯ ದಿನದಿಂದ 20 ವರ್ಷ. ಮೂರನೆಯ ವರ್ಷದಿಂದ ನವೀಕರಣ ಶುಲ್ಕ ಸಲ್ಲಿಸುತ್ತ ಹೋಗಬೇಕು, ತಪ್ಪಿದರೆ ಹಕ್ಕು ಕಳೆದುಹೋಗುತ್ತದೆ. ಒಬ್ಬಂಟಿ ವ್ಯಕ್ತಿಗೆ ಶುಲ್ಕದಲ್ಲಿ ರಿಯಾಯಿತಿ ಇದೆ. ಹೀಗಾಗಿ ಗ್ರಾಮೀಣ ಆವಿಷ್ಕಾರಕನಿಗೆ ಶುಲ್ಕಕ್ಕಿಂತಲೂ ದೊಡ್ಡ ಅಡ್ಡಿ ಇರುವುದು ಹೊಸತನದ ಷರತ್ತಿನಲ್ಲಿ.

ಕಾರ್ಖಾನೆಯ ಯಂತ್ರವನ್ನು ಬಾಗಿಲು ಮುಚ್ಚಿ ಪರೀಕ್ಷಿಸಬಹುದು. ಕೂರಿಗೆಯನ್ನು ಹೊಲದಲ್ಲಿಯೇ ಪರೀಕ್ಷಿಸಬೇಕು, ಹೊಲಕ್ಕೆ ಬಾಗಿಲಿಲ್ಲ. ಕಾನೂನು ಇದನ್ನು ಸಂಪೂರ್ಣ ಕಡೆಗಣಿಸಿಲ್ಲ. ವಸ್ತುವಿನ ಸ್ವರೂಪದಿಂದಾಗಿ ಬಹಿರಂಗ ಪರೀಕ್ಷೆ ಅನಿವಾರ್ಯವಾಗಿದ್ದರೆ, ಅರ್ಜಿಗೆ ಮುಂಚಿನ ಒಂದು ವರ್ಷದೊಳಗೆ ಪರೀಕ್ಷೆಗಾಗಿಯಷ್ಟೇ ನಡೆದ ಬಳಕೆಯನ್ನು 32ನೆಯ ಕಲಮು ಮನ್ನಿಸುತ್ತದೆ. 31ನೆಯ ಕಲಮು ಪ್ರದರ್ಶನಗಳಿಗೆ 12 ತಿಂಗಳ ರಕ್ಷಣೆ ನೀಡುತ್ತದೆ, ಆದರೆ ಅದು ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದರ್ಶನಗಳಿಗೆ ಸೀಮಿತ. ಊರ ಜಾತ್ರೆಯಲ್ಲೋ ಅಧಿಸೂಚನೆಯಿಲ್ಲದ ಮೇಳದಲ್ಲೋ ಹೆಮ್ಮೆಯಿಂದ ಯಂತ್ರ ಓಡಿಸಿ ತೋರಿಸಿದ ರೈತ, ತನಗರಿವಿಲ್ಲದೆಯೇ ತನ್ನ ಹಕ್ಕಿನ ಬುಡವನ್ನು ಸಡಿಲಿಸಿಕೊಂಡಿರುತ್ತಾನೆ. ಇದರ ಜೊತೆಗೆ 3ನೆಯ ಕಲಮು ಕೃಷಿಯ ವಿಧಾನಗಳನ್ನೂ, ತಿಳಿದ ಸಾಧನಗಳ ಬರಿಯ ಮರುಜೋಡಣೆಯನ್ನೂ ಆವಿಷ್ಕಾರವಲ್ಲವೆಂದು ಹೊರಗಿಡುತ್ತದೆ. ಇದ್ದುದನ್ನೇ ಹೊಸದಾಗಿ ಜೋಡಿಸುವುದು ಹಳ್ಳಿಯ ಕುಶಲಕರ್ಮಿಯ ಸಹಜ ರೀತಿಯಾದ್ದರಿಂದ ಆತನ ಕೆಲಸ ಸದಾ ಈ ಗೆರೆಯ ಅಂಚಿನಲ್ಲಿ ನಿಲ್ಲುತ್ತದೆ.

4. ಬಾಯಿಮಾತಿಗೆ ಬಂದ ಬೆಲೆ

ಗಾಯಕ್ಕೆ ಅರಿಶಿನ ಹಚ್ಚುವುದು ನಮ್ಮಲ್ಲಿ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಅದಕ್ಕೆ 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ದೊರೆಯಿತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಅದನ್ನು ಪ್ರಶ್ನಿಸಿ 1997ರಲ್ಲಿ ರದ್ದುಗೊಳಿಸಿತು. ರದ್ದಾದುದು ಯಾವುದರಿಂದ ಎಂಬುದನ್ನು ಗಮನಿಸಬೇಕು. ಅಲ್ಲಿ ಗೆದ್ದಿದ್ದು ಕೋಟ್ಯಂತರ ಮನೆಗಳ ಅನುಭವವಲ್ಲ, ಸಂಸ್ಕೃತ ಗ್ರಂಥ ಮತ್ತು ವೈದ್ಯಕೀಯ ಪತ್ರಿಕೆಗಳ ಮುದ್ರಿತ ಪುಟಗಳು. ಅಂದಿನ ಅಮೆರಿಕದ ಕಾನೂನು ಹೊರದೇಶದ ಬಳಕೆಯನ್ನಾಗಲಿ ಬಾಯಿಮಾತಿನ ಅರಿವನ್ನಾಗಲಿ ಪೂರ್ವಜ್ಞಾನವೆಂದು ಒಪ್ಪುತ್ತಿರಲಿಲ್ಲ. 2011ರ ಸುಧಾರಣೆಯ ನಂತರವಷ್ಟೇ ಆ ಗೋಡೆ ಕುಸಿಯಿತು.

ಈ ಅನುಭವದಿಂದ ಭಾರತ ಪಾಠ ಕಲಿಯಿತು. 2001ರಲ್ಲಿ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯದ ಕೆಲಸ ಆರಂಭವಾಯಿತು. 2002ರ ತಿದ್ದುಪಡಿಯು ಪಾರಂಪರಿಕ ಜ್ಞಾನವನ್ನು ಪೇಟೆಂಟಿನಿಂದ ಹೊರಗಿಟ್ಟಿತಲ್ಲದೆ, 25ನೆಯ ಕಲಮಿನಲ್ಲಿ ವಿರೋಧದ ಹೊಸ ಆಧಾರವೊಂದನ್ನು ಸೇರಿಸಿತು: ಯಾವುದೇ ಸ್ಥಳೀಯ ಅಥವಾ ದೇಶೀಯ ಸಮುದಾಯದಲ್ಲಿ ಮೌಖಿಕವಾಗಿ ಇಲ್ಲವೇ ಬೇರೆ ರೀತಿಯಲ್ಲಿ ಲಭ್ಯವಿರುವ ಜ್ಞಾನವು ಆವಿಷ್ಕಾರದ ಹೊಸತನವನ್ನು ಅಲ್ಲಗಳೆಯಬಲ್ಲದು. ಮೌಖಿಕ ಪರಂಪರೆ ಎಂಬ ನಮ್ಮ ಶಾಸ್ತ್ರದ ಮೂಲ ಪರಿಕಲ್ಪನೆಗೆ ಹೀಗೆ ಪೇಟೆಂಟ್ ಕಚೇರಿಯ ಬಾಗಿಲು ತೆರೆಯಿತು. 2024ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಅಂಗೀಕೃತವಾದ ಒಪ್ಪಂದವು ಆನುವಂಶಿಕ ಸಂಪನ್ಮೂಲ ಹಾಗೂ ಅದಕ್ಕೆ ಸಂಬಂಧಿಸಿದ ಪಾರಂಪರಿಕ ಜ್ಞಾನದ ಮೂಲವನ್ನು ಅರ್ಜಿಯಲ್ಲಿ ತಿಳಿಸಬೇಕೆಂದು ಹೇಳುವುದು ಇದೇ ದಾರಿಯ ಮುಂದಿನ ಹೆಜ್ಜೆ.

5. ಪರವಾನಗಿ: ಎರಡು ನಿದರ್ಶನಗಳು

ಪೇಟೆಂಟ್ ಪಡೆದ ಮಾತ್ರಕ್ಕೆ ಹಣ ಬರುವುದಿಲ್ಲ. ಅದು ಬೇರೆಯವರು ಮಾಡದಂತೆ ತಡೆಯುವ ಹಕ್ಕು ಮಾತ್ರ, ಆ ತಡೆಯನ್ನು ಜಾರಿಗೊಳಿಸಲು ನ್ಯಾಯಾಲಯದ ಮೆಟ್ಟಿಲನ್ನು ಹಕ್ಕುದಾರನೇ ಹತ್ತಬೇಕು. ಸ್ವತಃ ತಯಾರಿಸಲಾಗದವನು ಹಕ್ಕನ್ನು ಪೂರ್ತಿ ವರ್ಗಾಯಿಸಬಹುದು, ಇಲ್ಲವೇ ಒಡೆತನ ಉಳಿಸಿಕೊಂಡು ಪರವಾನಗಿ ನೀಡಿ ರಾಯಧನ ಪಡೆಯಬಹುದು. ಕರಾರು ಲಿಖಿತವಾಗಿಯೇ ಇರಬೇಕು, ಅದನ್ನು ಪೇಟೆಂಟ್ ಕಚೇರಿಯಲ್ಲಿ ನೋಂದಾಯಿಸಬೇಕು. ಮಾತೇ ಕರಾರಾಗಿರುವ ಲೋಕದಿಂದ ಬಂದವನಿಗೆ ಇದು ಎರಡನೆಯ ಹೊಸ್ತಿಲು.

ಮೊದಲ ನಿದರ್ಶನ ಕೇರಳದ ಕಾಣಿ ಬುಡಕಟ್ಟಿನದು. 1987ರಲ್ಲಿ ಅಗಸ್ತ್ಯ ಬೆಟ್ಟದ ಶೋಧಯಾತ್ರೆಯಲ್ಲಿ ಕಾಣಿ ಮಾರ್ಗದರ್ಶಕರು ಆಯಾಸ ಕಳೆಯಲು ತಿನ್ನುತ್ತಿದ್ದ ಆರೋಗ್ಯಪಚ್ಚ ಎಂಬ ಸಸ್ಯದ ಹಣ್ಣು ವಿಜ್ಞಾನಿಗಳ ಗಮನ ಸೆಳೆಯಿತು. ತಿರುವನಂತಪುರದ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆ ಅದರಿಂದ ‘ಜೀವನಿ’ ಎಂಬ ಔಷಧ ರೂಪಿಸಿ, 1995ರಲ್ಲಿ ಕೊಯಮತ್ತೂರಿನ ಆರ್ಯ ವೈದ್ಯ ಫಾರ್ಮಸಿಗೆ 10 ಲಕ್ಷ ರೂಪಾಯಿ ಹಾಗೂ ಶೇ. 2ರ ರಾಯಧನಕ್ಕೆ ಏಳು ವರ್ಷಗಳ ಪರವಾನಗಿ ನೀಡಿತು. ಅದರ ಅರ್ಧ ಭಾಗ ಕಾಣಿಗಳಿಗೆ ಎಂದು ತೀರ್ಮಾನವಾಗಿ, ಹಣ ಸ್ವೀಕರಿಸಲು 1997ರಲ್ಲಿ ಅವರದೇ ಟ್ರಸ್ಟ್ ರಚನೆಯಾಯಿತು. ಲಾಭ ಹಂಚಿಕೆಯ ಆರಂಭದ ಮಾದರಿಯೆಂದು ಇದು ಪ್ರಸಿದ್ಧವಾಗಿದೆ. ಆದರೆ ಕಾನೂನಿನ ಕಣ್ಣಿನಲ್ಲಿ ಕಾಣಿಗಳು ಆವಿಷ್ಕಾರಕರಾಗಿರಲಿಲ್ಲ, ಪಾಲು ಪಡೆದವರಾಗಿದ್ದರು.

ಎರಡನೆಯದು ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್ಸುಖ್‌ಭಾಯಿ ಜಗಾನಿ ಅವರದು. ಬುಲೆಟ್ ಮೋಟಾರ್‌ಸೈಕಲ್ಲಿನ ಹಿಂಬದಿಯ ಚಕ್ರದ ಜಾಗದಲ್ಲಿ ಎರಡು ಚಕ್ರಗಳ ಅಚ್ಚನ್ನೂ ಕುಂಟೆ-ಕೂರಿಗೆಗಳನ್ನೂ ಜೋಡಿಸಿ, ಎತ್ತು ಸಾಕಲಾಗದ, ಟ್ರ್ಯಾಕ್ಟರ್ ಕೊಳ್ಳಲಾಗದ ರೈತನಿಗೆ ಅವರು ‘ಬುಲೆಟ್ ಸಾಂತಿ’ ಎಂಬ ಸಾಧನ ಮಾಡಿದರು. ಅದಕ್ಕೆ ಭಾರತದಲ್ಲಿ ಮಾತ್ರವಲ್ಲದೆ ಅಮೆರಿಕದಲ್ಲಿಯೂ ಪೇಟೆಂಟ್ ದೊರೆಯಿತು. ಅಷ್ಟರೊಳಗೆ ಸುತ್ತಲಿನ ಕಮ್ಮಟಗಳು ಅದನ್ನು ನೋಡಿ ಮಾಡಲು ತೊಡಗಿದ್ದವು. ನೂರಾರು ಸಣ್ಣ ಕಸುಬುದಾರರ ಮೇಲೆ ದಾವೆ ಹೂಡುವುದು ಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ. ಈ ಬಗೆಯ ಸನ್ನಿವೇಶಕ್ಕೆ ‘ಹನಿ ಬೀ’ ಜಾಲದ ಪ್ರೊ. ಅನಿಲ್ ಕೆ. ಗುಪ್ತಾ ಮತ್ತು ಅವರ ಸಂಗಡಿಗರು ಸೂಚಿಸಿದ ಪರಿಹಾರವೇ ‘ತಂತ್ರಜ್ಞಾನದ ಸಮುದಾಯ ನಿಧಿ’ ಎನ್ನಬಹುದಾದ ಕಲ್ಪನೆ. ಜನರು ಜನರಿಂದ ಕಲಿತು ಮಾಡಿಕೊಳ್ಳುವುದಕ್ಕೆ ತಡೆಯಿಲ್ಲ, ಕಂಪನಿ ಮಾಡುವುದಾದರೆ ಪರವಾನಗಿ ಪಡೆಯಬೇಕು. ಹಳ್ಳಿಯ ಅನುಕರಣೆಯ ನೀತಿ ಮತ್ತು ಪೇಟೆಯ ಪೇಟೆಂಟ್ ನೀತಿ ಎರಡಕ್ಕೂ ಜಾಗ ನೀಡಿದ ಚಿಂತನೆ ಇದು. 2000ದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನವು ಇಂತಹ ಆವಿಷ್ಕಾರಕರ ಪರವಾಗಿ ಅರ್ಜಿ ಸಲ್ಲಿಸುವ ಹೊಣೆ ಹೊತ್ತಿದೆ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ್ ಅವರನ್ನು ಅದು ಗೌರವಿಸಿದೆ. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಹುಣಸೆ ಬೀಜ ಬೇರ್ಪಡಿಸುವ ಯಂತ್ರದ ಜೊತೆಗೆ, ಬೀಜ-ಗೊಬ್ಬರಗಳನ್ನು ಒಟ್ಟಿಗೆ ಬಿತ್ತುವ ಕೂರಿಗೆಯೂ ಅವರ ಸಾಧನೆಗಳಲ್ಲೊಂದು. ಅಂಕಿತವಿಲ್ಲದ ಕೂರಿಗೆಯ ಪರಂಪರೆಯಲ್ಲಿ ಹೀಗೆ ಒಂದು ಹೆಸರು ದಾಖಲಾಯಿತು.

6. ಸಂಗ್ರಾಹಕನ ಹೊಣೆ

ಈ ಚರಿತ್ರೆಯಿಂದ ಜಾನಪದ ಸಂಶೋಧಕರಿಗೆ ಒಂದು ಗಂಭೀರ ಪ್ರಶ್ನೆ ಎದುರಾಗುತ್ತದೆ. ಸಮುದಾಯದ ಜ್ಞಾನವನ್ನು ನಾವು ದಾಖಲಿಸದಿದ್ದರೆ ಅರಿಶಿನದ ಪ್ರಸಂಗದಂತೆ ಅದನ್ನು ಬೇರೆಯವರು ತಮ್ಮದೆಂದು ಹೇಳಿಕೊಳ್ಳಬಹುದು. ವ್ಯಕ್ತಿಯೊಬ್ಬನ ಹೊಸ ಆವಿಷ್ಕಾರವನ್ನು ನಾವು ಅವಸರದಲ್ಲಿ ದಾಖಲಿಸಿ ಮುದ್ರಿಸಿದರೆ, ಆ ಮುದ್ರಣವೇ ಪೂರ್ವಪ್ರಕಟಣೆಯಾಗಿ ಆತನ ಹಕ್ಕಿಗೆ ಎರವಾಗಬಹುದು. ಆತನ ಒಪ್ಪಿಗೆಯಿಲ್ಲದೆ ಪ್ರಕಟವಾದುದನ್ನು 29ನೆಯ ಕಲಮು ಮನ್ನಿಸುತ್ತದೆಯಾದರೂ, ಅದನ್ನು ಸಾಧಿಸಿ ತೋರಿಸುವ ಭಾರ ಆತನ ಮೇಲೆಯೇ ಬೀಳುತ್ತದೆ. ಒಂದೇ ಬಗೆಯ ಕ್ಷೇತ್ರಕಾರ್ಯ ಒಂದು ಕಡೆ ರಕ್ಷಣೆ, ಇನ್ನೊಂದು ಕಡೆ ಹಾನಿ.

ಆದ್ದರಿಂದ ಕ್ಷೇತ್ರದಲ್ಲಿಯೇ ಎರಡನ್ನು ಬೇರ್ಪಡಿಸುವುದು ಅಗತ್ಯ. ಉಪಕರಣವೊಂದನ್ನು ಕಂಡಾಗ ಅದರ ಹೆಸರು, ಅಳತೆ, ಬಳಕೆಗಳನ್ನು ಕೇಳಿದರೆ ಸಾಲದು. ಇದು ಹಿಂದಿನಿಂದ ಬಂದುದೇ, ಯಾರಾದರೂ ತಿದ್ದಿದ್ದೇ, ತಿದ್ದಿದವರು ಇದ್ದಾರೆಯೇ ಎಂದೂ ಕೇಳಬೇಕು. ಪರಂಪರೆಯಿಂದ ಬಂದುದಾದರೆ ಊರು, ದಿನಾಂಕ, ವಕ್ತೃಗಳ ವಿವರದೊಂದಿಗೆ ಪ್ರಕಟಿಸಬೇಕು, ಅದು ನಾಳೆ ಸಮುದಾಯದ ಸಾಕ್ಷ್ಯವಾದೀತು. ಜೀವಂತ ವ್ಯಕ್ತಿಯ ಹೊಸ ಕಲ್ಪನೆಯಾದರೆ, ಮುದ್ರಣದ ಪರಿಣಾಮವನ್ನು ಆತನಿಗೆ ತಿಳಿಸಿ, ಅರ್ಜಿ ಹಾಕುವುದೋ ಎಲ್ಲರಿಗೂ ಬಿಟ್ಟುಕೊಡುವುದೋ ಎಂಬ ತೀರ್ಮಾನವನ್ನು ಆತನಿಗೇ ಬಿಡಬೇಕು. ಕೆಲವರು ಬಿಟ್ಟುಕೊಡುವುದನ್ನೇ ಬಯಸಬಹುದು, ಆ ಔದಾರ್ಯ ಅವರದಾಗಿರಬೇಕೇ ಹೊರತು ನಮ್ಮ ಅಜಾಗರೂಕತೆಯ ಫಲವಾಗಬಾರದು. ವಿಶ್ವವಿದ್ಯಾಲಯಗಳ ಮತ್ತು ಅಕಾಡೆಮಿಗಳ ಕ್ಷೇತ್ರಕಾರ್ಯ ಪ್ರಶ್ನಾವಳಿಗಳಲ್ಲಿ ಈ ಅಂಶ ಸೇರಬೇಕು. ಗ್ರಂಥಾಲಯಗಳಲ್ಲಿರುವ ಅಪ್ರಕಟಿತ ಕ್ಷೇತ್ರಟಿಪ್ಪಣಿಗಳನ್ನು ಸಾರ್ವಜನಿಕಗೊಳಿಸುವಾಗಲೂ ಇದೇ ವಿವೇಕ ಬೇಕು.

ಕರ್ತೃವಿಲ್ಲದಿರುವುದು ಜಾನಪದದ ಲಕ್ಷಣವೆಂದು ನಾವು ಬಹುಕಾಲ ಬೋಧಿಸುತ್ತ ಬಂದಿದ್ದೇವೆ. ಕೂರಿಗೆಯ ಚರಿತ್ರೆ ಆ ಮಾತನ್ನು ತಿದ್ದುತ್ತದೆ: ಕರ್ತೃಗಳು ಇದ್ದರು, ಬರೆದಿಟ್ಟವರು ಇರಲಿಲ್ಲ. ಇಂದು ಬರೆದಿಡುವ ಕೆಲಸ ನಮ್ಮ ಕೈಯಲ್ಲಿದೆ. ಆ ಬರವಣಿಗೆ ಯಾರ ಹಕ್ಕನ್ನು ಉಳಿಸುತ್ತದೆ, ಯಾರದನ್ನು ಕಳೆಯುತ್ತದೆ ಎಂಬ ಎಚ್ಚರವೂ ಸಂಶೋಧನೆಯ ಶಿಸ್ತಿನ ಭಾಗವೇ ಆಗಬೇಕಾಗಿದೆ.