ಸಕ್ರಿಯ ಗೆಲಾಕ್ಸಿಗಳ ಜೆಟ್‌ಬಲದ ಅಂದಾಜು: ಒಂದು ಚಾರಿತ್ರಿಕ ವಿವೇಚನೆ

1918ರಲ್ಲಿ ಲಿಕ್ ವೀಕ್ಷಣಾಲಯದ ಹೀಬರ್ ಕರ್ಟಿಸ್ ಅವರು ಕನ್ಯಾರಾಶಿಯ ಎಂ 87 ಎಂಬ ಗೆಲಾಕ್ಸಿಯ (ಆಗಿನ ಮಾತಿನಲ್ಲಿ ನೀಹಾರಿಕೆಯ) ಕೇಂದ್ರದಿಂದ ನೇರವಾಗಿ ಹೊರಟ ಬೆಳಕಿನ ಎಳೆಯೊಂದನ್ನು ಕಂಡು ಅದನ್ನು ವಿಚಿತ್ರವೆಂದು ಬರೆದಿಟ್ಟರಾದರೂ, ಆ ಎಳೆಯಲ್ಲಿ ಹರಿಯುವುದೇನು, ಅದರ ಬಲವೆಷ್ಟು ಎಂಬ ಜಿಜ್ಞಾಸೆ ಮುಂದಿನ ಮೂರು ದಶಕಗಳ ಕಾಲ ಹುಟ್ಟಲೇ ಇಲ್ಲ. ಅದನ್ನು ಹುಟ್ಟಿಸಿದುದು ರೇಡಿಯೋ ಖಗೋಳಶಾಸ್ತ್ರ. 1953ರಲ್ಲಿ ಜೆನಿಸನ್ ಅವರೂ ನಮ್ಮ ದೇಶದ ಮೃಣಾಲ್ ಕುಮಾರ್ ದಾಸ್‌ಗುಪ್ತ ಅವರೂ ಸಿಗ್ನಸ್ ಎ ಎಂಬ ಪ್ರಬಲ ರೇಡಿಯೋ ಆಕರವು ಒಂದೇ ಪಿಂಡವಲ್ಲ, ಪರಸ್ಪರ ದೂರವಾದ ಎರಡು ಹಾಲೆಗಳು ಎಂಬುದನ್ನು ತೋರಿಸಿದರು.

ಈ ಹಾಲೆಗಳಲ್ಲಿ ಅಡಗಿರುವ ಶಕ್ತಿಯನ್ನು ಲೆಕ್ಕಹಾಕುವ ಮಾರ್ಗವನ್ನು ಹಾಕಿಕೊಟ್ಟವರು ಜೆಫ್ರಿ ಬರ್ಬಿಜ್. ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನುಗಳಿಂದಲೇ ರೇಡಿಯೋ ವಿಕಿರಣ ಹೊಮ್ಮುವುದಾದರೆ, ಕ್ಷೇತ್ರದ ಶಕ್ತಿಯೂ ಕಣಗಳ ಶಕ್ತಿಯೂ ಹೆಚ್ಚುಕಡಿಮೆ ಸಮನಾದಾಗ ಒಟ್ಟು ಶಕ್ತಿಯು ಕನಿಷ್ಠವಾಗುವುದೆಂದು ಅವರು 1950ರ ದಶಕದ ಉತ್ತರಾರ್ಧದಲ್ಲಿ ಪ್ರತಿಪಾದಿಸಿದರು. ಪ್ರಬಲ ಆಕರಗಳಿಗೆ ಆ ಕನಿಷ್ಠವೇ 10⁶⁰ ಎರ್ಗಿನ ಸಮೀಪಕ್ಕೆ ಬಂದಿತು. ಎಂದರೆ ಐದೂವರೆ ಲಕ್ಷ ಸೂರ್ಯರ ದ್ರವ್ಯವನ್ನು ಪೂರ್ಣವಾಗಿ ಶಕ್ತಿಯಾಗಿ ಮಾರ್ಪಡಿಸಿದಷ್ಟು. ಆದರೆ ಈ ಗಣನೆಯೊಳಗೊಂದು ಕಾಣದ ಪಾಲು ಉಂಟು: ಎಲೆಕ್ಟ್ರಾನುಗಳ ಸಂಗಡ ಇರಬಹುದಾದ ಪ್ರೋಟಾನುಗಳು. ಅವುಗಳ ಶಕ್ತಿ ಎಲೆಕ್ಟ್ರಾನುಗಳದಕ್ಕಿಂತ ನೂರು ಮಡಿಯೆಂದು ಹಿಡಿದರೆ, ಏನೂ ಇಲ್ಲವೆಂದು ಹಿಡಿದುದಕ್ಕಿಂತ ಉತ್ತರವು ಸುಮಾರು 14 ಮಡಿ ಹಿಗ್ಗುತ್ತದೆ.

ಇಷ್ಟಾದರೂ ಅದು ಶಕ್ತಿಯ ಲೆಕ್ಕವೇ ಹೊರತು ಬಲದ, ಎಂದರೆ ಇಂತಿಷ್ಟು ಕಾಲಕ್ಕೆ ಇಂತಿಷ್ಟು ಶಕ್ತಿಯೆಂಬ, ಲೆಕ್ಕವಲ್ಲ. 1974ರಲ್ಲಿ ಶೋಯರ್ ಅವರೂ, ಬ್ಲಾಂಡ್‌ಫರ್ಡ್ ಮತ್ತು ರೀಸ್ ಅವರೂ, ಹಾಲೆಗಳು ಒಮ್ಮೆ ಸಿಡಿದು ಬಿದ್ದ ತುಣುಕುಗಳಲ್ಲ, ಕೇಂದ್ರದಿಂದ ಎಡೆಬಿಡದೆ ಹರಿದುಬರುವ ಜೆಟ್ಟುಗಳಿಂದ ತುಂಬಿಕೊಳ್ಳುವ ಕೋಶಗಳು ಎಂಬ ಮತವನ್ನು ಸ್ಥಾಪಿಸಿದ ಬಳಿಕವೇ ಬಲವೆಂಬ ಮಾತಿಗೆ ಅರ್ಥ ಬಂದಿತು. ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯ ಸೀಮೆಯಲ್ಲಿ ಏತ ನೀರಾವರಿಯಿಂದ ಭದ್ರೆಯ ನೀರು ಬಂದು ತುಂಬುವ ಕೆರೆಯ ಏರಿಯ ಮೇಲೆ ನಿಂತವನು, ದೂರದ ಪಂಪ್‌ಹೌಸನ್ನು ಕಣ್ಣಿನಿಂದ ನೋಡದೆಯೂ, ಕೆರೆಯಲ್ಲಿ ನಿಂತ ನೀರೆಷ್ಟು, ಅದು ಎಷ್ಟು ದಿನದ್ದು, ಇಂಗಿ ಆವಿಯಾಗಿ ಹೋದುದೆಷ್ಟು ಎಂಬುದನ್ನು ತಿಳಿದನಾದರೆ ಯಂತ್ರದ ಬಲವನ್ನು ಹೇಳಬಲ್ಲನು. ಖಗೋಳಜ್ಞನ ಸ್ಥಿತಿಯೂ ಅದೇ. ಮತ್ತು ಅವನನ್ನು ಹೆಚ್ಚಾಗಿ ಕೆಡಿಸಿದುದು ದಿನಗಳ ಲೆಕ್ಕ.

ಹಾಲೆಗಳ ವಯಸ್ಸು ಮತ್ತು ಅವು ಹಿಗ್ಗುವ ಸುತ್ತಣ ಅನಿಲ, ಇವೆರಡರ ವಿಷಯದಲ್ಲಿ ಬೆಂಗಳೂರಿನ ಪಾತ್ರ ಅಲ್ಪವಲ್ಲ. 1970ರಲ್ಲಿ ಗೋವಿಂದ ಸ್ವರೂಪರ ನೇತೃತ್ವದಲ್ಲಿ ಉದಕಮಂಡಲದ ಇಳಿಜಾರಿನ ಮೇಲೆ ಸಿದ್ಧವಾದ, 530 ಮೀಟರ್ ಉದ್ದ, 30 ಮೀಟರ್ ಅಗಲದ ದೂರದರ್ಶಕವು, ಚಂದ್ರಬಿಂಬವು ಆಕರಗಳನ್ನು ಮರೆಮಾಡುವ ಕ್ಷಣಗಳನ್ನು ಹಿಡಿದು ನೂರಾರು ರೇಡಿಯೋ ಆಕರಗಳ ಕೋನಗಾತ್ರವನ್ನು ಅಳೆಯಿತು. ದೂರದ, ಮಸುಕಾದ ಆಕರಗಳು ಚಿಕ್ಕವಾಗಿರುವುದನ್ನು ಸ್ವರೂಪ್ ಮತ್ತು ವಿಜಯ್ ಕಪಾಹಿ 1975ರಲ್ಲಿ ಎತ್ತಿ ಹೇಳಿದರು. ಈ ಸಂಶೋಧಕರ ತಂಡವು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದ್ದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೇಂದ್ರದಿಂದಲೂ ಕೆಲಸ ಮಾಡುತ್ತಿದ್ದಿತು. ಆ ತಂಡದ ಗೋಪಾಲ್ ಕೃಷ್ಣ ಅವರು ಅಮೆರಿಕದ ಪಾಲ್ ವಿಟಾ ಅವರೊಡನೆ 1987ರಲ್ಲಿ, ಜೆಟ್ಟು ಮೊದಲು ಗೆಲಾಕ್ಸಿಯ ದಟ್ಟ ಬಿಸಿ ಅನಿಲವನ್ನು, ಆಮೇಲೆ ಅಂತರಗೆಲಾಕ್ಸಿಯ ವಿರಳ ಅನಿಲವನ್ನು ಹಾಯುವುದರಿಂದ ಹಾಲೆಯ ಗಾತ್ರವೂ ಕಾಂತಿಯೂ ಹೇಗೆ ಬದಲಾಗುವುವೆಂಬ ಗಣನೆಯನ್ನು ಮಂಡಿಸಿದರು. ಕಾಂತಿ ಕುಗ್ಗಿದ ಮಾತ್ರಕ್ಕೆ ಜೆಟ್ಟು ದುರ್ಬಲವೆನ್ನಲಾಗದು ಎಂಬ ಅಂಶವೇ, ನನ್ನ ಅಭಿಪ್ರಾಯದಲ್ಲಿ, ಆ ಲೇಖನದ ಸಾರ.

ಗೌರಿಬಿದನೂರಿನ ಬಯಲಿನಲ್ಲಿ ಭಾರತೀಯ ಖಭೌತ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಜೊತೆಗೂಡಿ ನಿಲ್ಲಿಸಿದ, ಸಾವಿರ ದ್ವಿಧ್ರುವಗಳ ಟಿ ಆಕಾರದ ಆಂಟೆನಾ ವ್ಯೂಹವು 34.5 ಮೆಗಾಹರ್ಟ್ಸಿನಲ್ಲಿ ಆಕಾಶವನ್ನು ನೋಡಿತು. ದ್ವಾರಕಾನಾಥ್ ಮತ್ತು ಉದಯಶಂಕರ್ ಅವರ ನಕ್ಷೆ 1990ರಲ್ಲಿ ಹೊರಬಂದಿತು. ಇಷ್ಟು ಕೆಳಗಿನ ಆವೃತ್ತಿಯಿಂದೇನು ಪ್ರಯೋಜನವೆಂದು ಕೇಳುವವರು ಉಂಟು. ಅಧಿಕ ಶಕ್ತಿಯ ಎಲೆಕ್ಟ್ರಾನುಗಳು ಬೇಗನೆ ಸೋತುಹೋಗುವುವು. ಬಹುಕಾಲ ಉಳಿಯುವ ಅಲ್ಪಶಕ್ತಿಯ ಕಣಗಳ ವಿಕಿರಣ ಕೆಳಗಿನ ಆವೃತ್ತಿಯಲ್ಲಿಯೇ ದೊರೆಯುವುದರಿಂದ, ಜೆಟ್ಟಿನ ಹಳೆಯ ಜಮಾಖರ್ಚು ಓದಸಿಗುವುದು ಅಲ್ಲಿಯೇ.

1991ರಲ್ಲಿ ರಾಲಿಂಗ್ಸ್ ಮತ್ತು ಸಾಂಡರ್ಸ್ ಹಾಲೆಯ ಶಕ್ತಿಯನ್ನು ವಯಸ್ಸಿನಿಂದ ಭಾಗಿಸಿ ಬಲವನ್ನು ಪಡೆದರು. 1999ರಲ್ಲಿ ಹಾರಿದ ಚಂದ್ರಾ ಎಕ್ಸ್‌ಕಿರಣ ದೂರದರ್ಶಕವು ಬೇರೊಂದು ದಾರಿಯನ್ನು ತೆರೆಯಿತು: ಬಿಸಿ ಅನಿಲದಲ್ಲಿ ಜೆಟ್ಟುಗಳು ಕೊರೆದ ಗುಹೆಗಳ ಗಾತ್ರವನ್ನು ಒತ್ತಡದಿಂದ ಗುಣಿಸಿ, ಅದರ ನಾಲ್ಕರಷ್ಟನ್ನು ಶಕ್ತಿಯೆಂದು ಗ್ರಹಿಸುವುದು. ಹಾಗೆ ನೋಡಿದಾಗ ಕೆಲವೆಡೆ ಜೆಟ್ಟಿನ ಬಲವು ರೇಡಿಯೋ ಕಾಂತಿಯ ಸಾವಿರಾರು ಮಡಿಯಾಗಿದ್ದುದು 2004ರಲ್ಲಿ ಪ್ರಕಟವಾಯಿತು.

ಇಂದಿಗೂ ಬಳಕೆಯಲ್ಲಿರುವ, 151 ಮೆಗಾಹರ್ಟ್ಸ್ ಕಾಂತಿಯನ್ನು ಆಧರಿಸಿದ, ವಿಲ್ಲಟ್ ಮತ್ತು ಸಂಗಡಿಗರ 1999ರ ಸೂತ್ರದಲ್ಲಿ ಎಲ್ಲ ಅಜ್ಞಾತಗಳನ್ನೂ ಎಫ್ ಎಂಬ ಒಂದೇ ಅಂಶದೊಳಗೆ ಅಡಕಿಸಲಾಗಿದೆ. ಅದರ ಬೆಲೆ 1ರಿಂದ 20ರವರೆಗೆ ಇರಬಹುದು, ಬಲವು ಅದರ ಒಂದೂವರೆ ಘಾತದಂತೆ ಏರುವುದರಿಂದ ಒಂದೇ ಗೆಲಾಕ್ಸಿಗೆ ಸುಮಾರು 90 ಮಡಿ ಅಂತರದ ಎರಡು ಉತ್ತರಗಳು ಸಾಧ್ಯ. ಆದಕಾರಣ ಜೆಟ್‌ಬಲದ ಅಂಕಿಯನ್ನು ಪ್ರಕಟಿಸುವವರು ತಾವು ಹಿಡಿದ ಎಫ್‌ನ ಬೆಲೆಯನ್ನೂ ಅದರ ಪಕ್ಕದಲ್ಲಿಯೇ ಅಚ್ಚುಮಾಡಬೇಕು. ಅದಿಲ್ಲದ ಅಂಕಿಯನ್ನು ಓದುಗರು ಸ್ವೀಕರಿಸಬೇಕಾದುದಿಲ್ಲ.