ಪರದೇಶ ಬಲ್ಲ ಸೈನ್ಯಾಧಿಕಾರಿಗಳು: ಅಮೆರಿಕಾದ ಅನುಭವ

ರಾಜ್ಯವೊಂದು ತನ್ನ ಸೈನ್ಯಾಧಿಕಾರಿಗಳಲ್ಲಿ ಕೆಲವರನ್ನು ಆರಿಸಿ ಪರದೇಶದ ಭಾಷೆ, ಆಚಾರ, ರಾಜಕೀಯಗಳನ್ನು ಕಲಿಯಲು ಕಳುಹಿಸುವುದು ಅಷ್ಟೇನೂ ಕಷ್ಟವಲ್ಲ. ಕಲಿತು ಬಂದವರನ್ನು ಎಲ್ಲಿ ಇರಿಸಬೇಕು, ಅವರ ಯೋಗ್ಯತೆಯನ್ನು ಯಾವ ಅಳತೆಯಿಂದ ಅಳೆಯಬೇಕು ಎಂಬುದೇ ಕಷ್ಟ. ಅಮೆರಿಕಾ ಸಂಯುಕ್ತ ಸಂಸ್ಥಾನದ ಭೂಸೇನೆ ಮತ್ತು ನೌಕಾಪಡೆಗಳು ಪೂರ್ವ ಏಷ್ಯದ ವಿಷಯದಲ್ಲಿ ಪಡೆದ ಅನುಭವವನ್ನು ಈ ದೃಷ್ಟಿಯಿಂದ ಪರಿಶೀಲಿಸೋಣ.

20ನೆಯ ಶತಮಾನದ ಆರಂಭದಲ್ಲಿಯೇ ಈ ಎರಡು ಪಡೆಗಳೂ ಭಾಷಾಧ್ಯಯನಕ್ಕಾಗಿ ಜಪಾನಿಗೆ ಅಧಿಕಾರಿಗಳನ್ನು ಕಳುಹಿಸತೊಡಗಿದವು. ಆದರೆ ಪ್ರತಿಯೊಂದೂ ತನ್ನವರನ್ನು ತನ್ನ ಉಪಯೋಗಕ್ಕಾಗಿಯೇ. ಚೀನಾ ದೇಶಕ್ಕೆ ಭೂಸೇನೆಯ ಮೊದಲ ಭಾಷಾಧಿಕಾರಿಯಾಗಿ 1919ರಲ್ಲಿ ನೇಮಕಗೊಂಡವನು ಜೋಸೆಫ್ ಸ್ಟಿಲ್‌ವೆಲ್. ಈತನು ಕಲಿತದ್ದು ಪುಸ್ತಕದಿಂದ ಮಾತ್ರವಲ್ಲ. 1921ರಲ್ಲಿ ಷಾನ್ಸಿ ಪ್ರಾಂತದಲ್ಲಿ ರೆಡ್‌ಕ್ರಾಸ್ ಸಂಸ್ಥೆಯು ರಸ್ತೆ ನಿರ್ಮಿಸಿದಾಗ ಅಲ್ಲಿ ದುಡಿದು ಹಳ್ಳಿಗರ ಬಾಳನ್ನು ಹತ್ತಿರದಿಂದ ಕಂಡನು.

ನೌಕಾಪಡೆಯ ಕಥೆ ಇನ್ನೂ ಬೋಧಪ್ರದವಾಗಿದೆ. 1929ರಲ್ಲಿ ಜಪಾನಿ ಭಾಷೆ ಕಲಿಯಲು ಹೊರಟ ಜೋಸೆಫ್ ರೋಷ್‌ಫೋರ್ಟ್ ಮತ್ತು ಎಡ್ವಿನ್ ಲೇಟನ್ ಒಂದೇ ಹಡಗಿನಲ್ಲಿ ಪರಿಚಿತರಾದರು. 1942ರ ವೇಳೆಗೆ ಲೇಟನ್ ಹವಾಯಿಯಲ್ಲಿ ದಂಡನಾಯಕ ನಿಮಿಟ್ಸ್‌ನ ಗೂಢಚರ್ಯಾಧಿಕಾರಿ. ರೋಷ್‌ಫೋರ್ಟ್ ಅಲ್ಲಿಯೇ ಶತ್ರುಗಳ ಸಂಕೇತಗಳನ್ನು ಬಿಡಿಸುವ ತಂಡದ ಮುಖ್ಯಸ್ಥ. ದಾಳಿ ನಡೆಯುವುದು ಮಿಡ್‌ವೇ ದ್ವೀಪದ ಮೇಲೆ ಎಂದು ಈ ತಂಡವು ನಿರ್ಧರಿಸಿತು. ಲೇಟನ್ ಸೂಚಿಸಿದ್ದ ಸ್ಥಳ, ದಿಕ್ಕು, ವೇಳೆಗಳಿಗೂ ಜೂನ್ 4ರಂದು ನಡೆದುದಕ್ಕೂ ಐದು ಮೈಲಿ, ಐದು ಡಿಗ್ರಿ, ಐದು ನಿಮಿಷಗಳಷ್ಟೇ ಅಂತರ ಎಂದು ನಿಮಿಟ್ಸ್ ಹೇಳಿದನೆಂಬುದು ಪ್ರಸಿದ್ಧವಾಗಿದೆ. ಇಂಥ ಗೆಲುವಿನ ತರುವಾಯ ರೋಷ್‌ಫೋರ್ಟನಿಗೆ ದೊರೆತುದೇನು? ವಾಷಿಂಗ್ಟನ್ನಿನ ಸಂಕೇತ ಕಚೇರಿಯೊಡನೆ ವಿರಸ ಬೆಳೆದಿತ್ತು. ಆ ವರ್ಷದೊಳಗೇ ಆತನನ್ನು ಹವಾಯಿಯಿಂದ ತೆಗೆದರು. ಅನಂತರ ಆತನ ವಶಕ್ಕೆ ಬಂದುದು ತೇಲುವ ಡ್ರೈಡಾಕ್ ಒಂದರ ಆಡಳಿತ! ನಿಮಿಟ್ಸ್ ಶಿಫಾರಸು ಮಾಡಿದ ಪದಕವೂ ತಿರಸ್ಕೃತವಾಗಿ, ಆತನು 1976ರಲ್ಲಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಮಂಜೂರಾಯಿತು. ಇದನ್ನು ವೈಯಕ್ತಿಕ ಮತ್ಸರವೆಂದಷ್ಟೇ ತಳ್ಳಿಹಾಕುವುದು ನಮಗೆ ಸರಿತೋರದು. ಹಡಗು ನಡೆಸುವುದನ್ನೇ ಯೋಗ್ಯತೆಯ ಪರಮಾವಧಿಯೆಂದು ಎಣಿಸಿದ ವ್ಯವಸ್ಥೆಯಲ್ಲಿ ಭಾಷಾತಜ್ಞನಿಗೆ ನೆಲೆಯಾದ ಸ್ಥಾನವಿರಲಿಲ್ಲ.

ಪಡೆಗಳ ನಡುವಣ ಗೋಡೆಯು ಯುದ್ಧಕಾಲದ ಭಾಷಾಶಾಲೆಗಳಲ್ಲಿಯೂ ಕಾಣುತ್ತದೆ. ಭೂಸೇನೆಯು 1941ರ ನವೆಂಬರ್ 1ರಂದು ಸಾನ್‌ಫ್ರಾನ್ಸಿಸ್ಕೋದಲ್ಲಿ, ವಿಮಾನ ನಿಲ್ಲಿಸುವ ಕೊಟ್ಟಿಗೆಯೊಂದರಲ್ಲಿ, 60 ವಿದ್ಯಾರ್ಥಿಗಳ ಶಾಲೆಯನ್ನು ತೆರೆಯಿತು; ಅವರಲ್ಲಿ 58 ಮಂದಿ ಅಮೆರಿಕಾದಲ್ಲಿ ಹುಟ್ಟಿದ ಜಪಾನೀ ವಂಶಜರು. ಮರುವರ್ಷ ಪಶ್ಚಿಮ ಕರಾವಳಿಯಿಂದ ಜಪಾನೀಯರನ್ನೆಲ್ಲ ತೆರವುಗೊಳಿಸಿದಾಗ ಶಾಲೆಯೂ ಮಿನೆಸೋಟಕ್ಕೆ ಸಾಗಿತು. ತಮ್ಮ ಕುಟುಂಬದವರು ಮುಳ್ಳುತಂತಿಯೊಳಗಿರುವಾಗ ಅನೇಕ ತರುಣರು ಆ ದೇಶಕ್ಕಾಗಿಯೇ ದುಡಿದರು. ನೌಕಾಪಡೆಯಾದರೋ ಕೊಲರಾಡೋದ ಬೋಲ್ಡರ್‌ನಲ್ಲಿದ್ದ ತನ್ನ ಶಾಲೆಯಲ್ಲಿ ಈ ವಂಶದವರನ್ನು ಬೋಧಕರನ್ನಾಗಿ ಇಟ್ಟುಕೊಂಡಿತೇ ಹೊರತು ವಿದ್ಯಾರ್ಥಿಗಳಾಗಿ ಸೇರಿಸಲಿಲ್ಲ. ಕಲಿಸಲು ಯೋಗ್ಯರಾದವರು ಸೇವೆಗೆ ಯೋಗ್ಯರಲ್ಲವೆಂಬ ಈ ತರ್ಕ ವಿಚಿತ್ರವಾದುದು.

ಚೀನಾದಲ್ಲಿ ಜ್ಞಾನವು ರಾಜಕೀಯಕ್ಕೆ ಸಿಕ್ಕಿಬಿದ್ದಿತು. ಸ್ಟಿಲ್‌ವೆಲ್ಲನನ್ನು 1944ರ ಅಕ್ಟೋಬರ್‌ನಲ್ಲಿ ಹಿಂದಕ್ಕೆ ಕರೆಸಲಾಯಿತು. ಅದೇ ವರ್ಷ ಜುಲೈಯಲ್ಲಿ ಯೆನಾನಿನ ಕಮ್ಯುನಿಸ್ಟರ ಬಳಿಗೆ ವೀಕ್ಷಕ ತಂಡವನ್ನು ಕೊಂಡೊಯ್ದ, ಚೀನೀ ಭಾಷೆಯನ್ನು ಚೆನ್ನಾಗಿ ಬಲ್ಲ ಕರ್ನಲ್ ಡೇವಿಡ್ ಬ್ಯಾರೆಟ್ಟನ ಬ್ರಿಗೇಡಿಯರ್ ಜನರಲ್ ಪದವಿಯ ಬಡ್ತಿಯನ್ನು ಪ್ಯಾಟ್ರಿಕ್ ಹರ್ಲಿಯು ತಡೆದನು.

ಯುದ್ಧಾನಂತರ ಏಕೀಕರಣವು ನಿಧಾನವಾಗಿ ನಡೆಯಿತು. 1963ರಲ್ಲಿ ಎಲ್ಲ ಪಡೆಗಳಿಗೂ ಸೇರಿದ ಭಾಷಾಸಂಸ್ಥೆಯೊಂದು ಸ್ಥಾಪಿತವಾಯಿತು. 1973ರಲ್ಲಿ ಭೂಸೇನೆಯು ತನ್ನೆರಡು ಹಳೆಯ ಯೋಜನೆಗಳನ್ನು ಕೂಡಿಸಿ ಪರದೇಶತಜ್ಞ ಅಧಿಕಾರಿಗಳ ವರ್ಗವನ್ನು ರಚಿಸಿತು. ಪ್ರತಿಯೊಂದು ಪಡೆಯೂ ಇಂಥ ವರ್ಗವನ್ನು ಹೊಂದಿರಬೇಕೆಂದು ರಕ್ಷಣಾ ಇಲಾಖೆಯು 2005ರ ಆದೇಶದಲ್ಲಿ ವಿಧಿಸಿತು. ಶಿಕ್ಷಣಕ್ಕೆ ಸಮಾನವಾದ ಮಟ್ಟ ಗೊತ್ತಾಯಿತು. ಬಡ್ತಿಯನ್ನು ನಿರ್ಣಯಿಸುವ ಮಂಡಲಿಗಳು ಮಾತ್ರ ಆಯಾ ಪಡೆಯವೇ ಆಗಿ ಉಳಿದವು.