ಶೀರ್ಷಿಕೆಯೂ ಮಾರಾಟವೂ: ಜಿರಾರ್ಡಿನ ಪ್ರಕಾಶಕನೊಬ್ಬನ ಪ್ರಯೋಗಗಳು

ವಾಣಿಜ್ಯದ ಚರಿತ್ರೆಯನ್ನು ಬರೆಯುವವರು ಸರಕು, ಬೆಲೆ, ಸಾರಿಗೆ, ಸುಂಕ ಇವುಗಳಿಗೆ ಕೊಟ್ಟಷ್ಟು ಗಮನವನ್ನು ವರ್ತಕನು ತನ್ನ ಸರಕನ್ನು ಕುರಿತು ಬರೆದ ಮಾತಿಗೆ ಕೊಟ್ಟಿಲ್ಲ. ಇದಕ್ಕೆ ಕಾರಣವುಂಟು. ಜಾಹೀರಾತು ಉಳಿದು ಬಂದರೂ ಅದರಿಂದ ಎಷ್ಟು ಮಾರಾಟವಾಯಿತೆಂಬ ಲೆಕ್ಕವು ಸಾಮಾನ್ಯವಾಗಿ ಉಳಿಯುವುದಿಲ್ಲ. ಮಾತು, ಲೆಕ್ಕ ಇವೆರಡೂ ಒಟ್ಟಿಗೆ ದೊರೆಯುವ ಒಂದು ಅಪೂರ್ವ ನಿದರ್ಶನವನ್ನು ನಾವು ಪ್ರಕೃತ ಲೇಖನದಲ್ಲಿ ಪರಿಶೀಲಿಸುತ್ತೇವೆ.

ಎಮ್ಯಾನ್ಯುಯೆಲ್ ಹಾಲ್ಡಮನ್-ಜೂಲಿಯಸ್ (1889-1951) ಫಿಲಡೆಲ್ಫಿಯದಲ್ಲಿ ಪುಸ್ತಕ ಕಟ್ಟುವವನೊಬ್ಬನ ಮಗನಾಗಿ ಹುಟ್ಟಿದವನು. ಅಮೆರಿಕದ ಕ್ಯಾನ್ಸಸ್ ಸಂಸ್ಥಾನದ ಜಿರಾರ್ಡ್ ಎಂಬ ಸಣ್ಣ ಊರಿನಲ್ಲಿ ಸಮಾಜವಾದಿ ಪತ್ರಿಕೆಯೊಂದರ ಮುದ್ರಣಾಲಯವು ಈತನ ಕೈಸೇರಿದ ಮೇಲೆ, 1919ರಲ್ಲಿ ಪುಟ್ಟ ಪುಸ್ತಕಗಳ ಪ್ರಕಟನೆಯನ್ನು ಆರಂಭಿಸಿದನು. ಕಾಲಕ್ರಮದಲ್ಲಿ ಒಂದೊಂದರ ಬೆಲೆಯೂ 5 ಸೆಂಟಿಗೆ ಇಳಿಯಿತು. ‘ಪುಟ್ಟ ನೀಲಿ ಪುಸ್ತಕಗಳು’ ಎಂದು ಇವು ಪ್ರಸಿದ್ಧವಾದುವು. 1928ರಲ್ಲಿ ತನ್ನ ಉದ್ಯಮವನ್ನು ಕುರಿತು ಈತನು ಬರೆದ ಗ್ರಂಥದ ಹೆಸರೇ ‘ಮೊದಲ ಹತ್ತು ಕೋಟಿ’. ಮುಂದೆ ನಾವು ಕೊಡುವ ಅಂಕಿಗಳು ಈತನು ತಾನೇ ಪ್ರಕಟಿಸಿದವು.

ಈ ವ್ಯಾಪಾರದ ರೀತಿ ವಿಶಿಷ್ಟವಾದುದು. ವೃತ್ತಪತ್ರಿಕೆಗಳ ಪುಟಗಳಲ್ಲಿ ನೂರಾರು ಶೀರ್ಷಿಕೆಗಳನ್ನು ಸಂಖ್ಯೆಗಳೊಡನೆ ಅಚ್ಚು ಮಾಡಿಸುತ್ತಿದ್ದರು. ಗ್ರಾಹಕನು ಬೇಕಾದ ಸಂಖ್ಯೆಗಳನ್ನು ಆರಿಸಿ, ಹಣದೊಡನೆ ಅಂಚೆಯಲ್ಲಿ ಕಳುಹಿಸುತ್ತಿದ್ದನು. ಪುಸ್ತಕವನ್ನು ತೆರೆದು ನೋಡುವ ಅವಕಾಶವಿಲ್ಲ, ಬೆಲೆಯಲ್ಲಿ ಭೇದವಿಲ್ಲ, ಆಕಾರವೂ ಒಂದೇ. ಹೀಗಾಗಿ ಆಯ್ಕೆಯ ಭಾರವೆಲ್ಲವೂ ಶೀರ್ಷಿಕೆಯ ಮೇಲೆ ಬೀಳುತ್ತಿತ್ತು. ವರ್ಷಕ್ಕೆ 10,000 ಪ್ರತಿಗಳೂ ಖರ್ಚಾಗದ ಪುಸ್ತಕವನ್ನು ಪ್ರಕಾಶಕನು ತಾನು ‘ಆಸ್ಪತ್ರೆ’ ಎಂದು ಕರೆದ ವಿಭಾಗಕ್ಕೆ ಕಳುಹಿಸುತ್ತಿದ್ದನು. ಅಲ್ಲಿ ನಡೆಯುತ್ತಿದ್ದ ಮುಖ್ಯ ಚಿಕಿತ್ಸೆ ಹೊಸ ನಾಮಕರಣ. ಒಳಗಿನ ಪಠ್ಯವು ಯಥಾಸ್ಥಿತಿಯಲ್ಲಿಯೇ ಉಳಿಯುತ್ತಿತ್ತು.

ಪರಿಣಾಮಗಳನ್ನು ನೋಡೋಣ. ‘ಕಬ್ಬಿಣದ ಮುಖವಾಡದ ರಹಸ್ಯ’ ಎಂಬ ಪುಸ್ತಕವು 11,000 ಪ್ರತಿ ಮಾರಾಟವಾಗಿದ್ದಿತು. ‘ಕಬ್ಬಿಣದ ಮುಖವಾಡ ತೊಟ್ಟ ಮನುಷ್ಯನ ರಹಸ್ಯ’ ಎಂದು ಬದಲಿಸಲು ಅದು 30,000ಕ್ಕೆ ಏರಿತು. ಇಲ್ಲಿ ಹೊಸತಾಗಿ ಬಂದವನು ಮನುಷ್ಯನೊಬ್ಬನೇ. ಓದುಗನ ಕುತೂಹಲಕ್ಕೆ ಅವನೇ ಸಾಕಾದನು. ಈ ತಿದ್ದುಪಡಿಯಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ.

ಮತ್ತೆರಡು ನಿದರ್ಶನಗಳು ಇಷ್ಟು ಸರಳವಲ್ಲ. ಫ್ರೆಂಚ್ ಲೇಖಕ ಗೋತಿಯೆಯ ‘ಚಿನ್ನದ ತುಪ್ಪಳ’ ಎಂಬ ಕಥೆಯು 1925ರಲ್ಲಿ 6,000 ಪ್ರತಿ ಖರ್ಚಾಯಿತು. ‘ಹೊಂಗೂದಲ ಪ್ರೇಯಸಿಯ ಅನ್ವೇಷಣೆ’ ಎಂಬ ಹೆಸರಿನಿಂದ ಮರುವರ್ಷ 50,000. ಹೊಸ ಹೆಸರು ಕೀಳು ಅಭಿರುಚಿಯದೆಂದು ಮೂಗು ಮುರಿಯುವುದು ಸುಲಭ. ಆದರೆ ಕಥೆಯ ನಾಯಕನು ಹೊಂಗೂದಲ ಹೆಣ್ಣನ್ನು ಅರಸಿ ಆಂಟ್ವರ್ಪ್ ನಗರಕ್ಕೆ ಹೋಗುವುದು ನಿಜ. ಮೂಲದ ಹೆಸರು ಗ್ರೀಕ್ ಪುರಾಣವನ್ನು ಬಲ್ಲವರಿಗೆ ಮಾತ್ರ ಅರ್ಥವಾಗತಕ್ಕದ್ದು. ರೂಬೆನ್ಸನ ಚಿತ್ರವೊಂದರಲ್ಲಿನ ಸ್ತ್ರೀಗೆ ಆ ನಾಯಕನು ಮನಸೋಲುವ ಸಂಗತಿಯನ್ನು ಹೊಸ ಹೆಸರು ಮುಚ್ಚಿಡುತ್ತದೆ. ಆದರೂ ಅದನ್ನು ಸುಳ್ಳೆನ್ನಲಾಗದು.

ಇನ್ನೊಂದು, ಷೋಪೆನ್‌ಹೌರನ ‘ವಾಗ್ವಾದದ ಕಲೆ’. ಇದಕ್ಕೆ ‘ತರ್ಕಬದ್ಧವಾಗಿ ವಾದಿಸುವುದು ಹೇಗೆ?’ ಎಂಬ ಹೆಸರಿಟ್ಟ ಮೇಲೆ ಮಾರಾಟ 30,000 ಪ್ರತಿಗಳಾಯಿತು. ಹೆಸರು ಸಭ್ಯವಾದುದು, ಉಪಯುಕ್ತವೆಂದು ತೋರುವಂಥದು. ಆದರೆ ಆ ತತ್ತ್ವಜ್ಞಾನಿಯು ವಿವರಿಸಿದ್ದು, ಪಕ್ಷವು ಸರಿಯಿರಲಿ ತಪ್ಪಿರಲಿ, ಎದುರಾಳಿಯನ್ನು ಗೆಲ್ಲುವ ತಂತ್ರಗಳನ್ನು. ತರ್ಕಕ್ಕೂ ಇದಕ್ಕೂ ಇರುವ ಅಂತರವನ್ನು ಅವನೇ ಸ್ಪಷ್ಟಪಡಿಸಿದ್ದಾನೆ. ಆದುದರಿಂದ, ಕೀಳೆಂದು ತೋರುವ ಶೀರ್ಷಿಕೆಯು ಸತ್ಯಕ್ಕೆ ಸಮೀಪವಾಗಿಯೂ ಗೌರವಾನ್ವಿತವಾದುದು ದೂರವಾಗಿಯೂ ನಿಲ್ಲುತ್ತವೆ ಎಂಬುದು ನಮ್ಮ ಅಭಿಪ್ರಾಯ.

ಈ ಅಂಕಿಗಳನ್ನು ಪ್ರಯೋಗಶಾಲೆಯ ಫಲಿತಾಂಶಗಳೆಂದು ಎಣಿಸಲಾಗದು. ಒಂದು ವರ್ಷದ ಮಾರುಕಟ್ಟೆ ಮತ್ತೊಂದು ವರ್ಷದ್ದಲ್ಲ. ಜಾಹೀರಾತಿನ ವಿಸ್ತಾರವೂ ಏರಿಳಿಯಬಹುದು. ಆದರೂ ಒಂದೇ ಪಠ್ಯಕ್ಕೆ ಎರಡು ಹೆಸರುಗಳಿಟ್ಟು ಫಲವನ್ನು ಬರೆದಿಟ್ಟ ಈ ವರ್ತಕನಿಂದ ಇಂದಿನ ಸಣ್ಣ ಉದ್ಯಮಿಯೂ ಕಲಿಯುವುದುಂಟು. ಸರಕು ಖರ್ಚಾಗದಿದ್ದರೆ ದೋಷವು ಸರಕಿನಲ್ಲಿಯೇ ಇರಬೇಕಾಗಿಲ್ಲ. ಅದನ್ನು ಹೇಳಿದ ಮಾತಿನಲ್ಲಿಯೂ ಇರಬಹುದು. ತಿದ್ದಿದ ಮಾತನ್ನು ಪುನಃ ಲೆಕ್ಕದಿಂದ ಪರೀಕ್ಷಿಸಬೇಕು.

ಆದರೆ ಲೆಕ್ಕದ ಪುಸ್ತಕವು ಮಾರಾಟವಾದ ಪ್ರತಿಗಳನ್ನು ಹೇಳಬಲ್ಲುದೇ ಹೊರತು, ಕೊಂಡವನು ಹೆಸರಿನಲ್ಲಿ ಕಂಡದ್ದನ್ನು ಒಳಗೆ ಪಡೆದನೇ ಎಂಬುದನ್ನು ಹೇಳಲಾರದು. ಮುಖವಾಡದ ಮನುಷ್ಯನನ್ನು ಕೊಂಡವನು ಅವನನ್ನು ಪಡೆದನು. ತರ್ಕವನ್ನು ಕೊಂಡವನು ತಂತ್ರವನ್ನು ಪಡೆದನು. ಮಾರಾಟದ ಪಟ್ಟಿಯಲ್ಲಿ ಇಬ್ಬರದೂ ಸಮಾನವಾಗಿ ಮೂವತ್ತು ಸಾವಿರ.